ರಾಯಣ್ಣನ ಲಾವಣಿಯೂ ಅದರ ವಾದ್ಯಗಳೂ

ಹಳೆಯ ಹಾಡನ್ನು ಅದು ಹುಟ್ಟಿದ ಕಾಲದ ವಾದ್ಯಗಳೊಡನೆಯೇ ಹಾಡಿಸಿ ಕೇಳಬೇಕೆಂಬ ಒಂದು ಮತವು ಯುರೋಪಿನಲ್ಲಿ ಕಳೆದ ಶತಮಾನದ ಮೊದಲಿನಿಂದ ಬಲಗೊಂಡು ಬಂದಿದೆ. ಈ ಮತಕ್ಕೆ ಅನುಸಾರವಾಗಿ ಫ್ರಾನ್ಸ್ ದೇಶದ ಐತಿಹಾಸಿಕ ಗೀತೆಗಳ ಗೋಷ್ಠಿಯನ್ನು ಏರ್ಪಡಿಸುವವರು ಪಿಯಾನೋವನ್ನು ಸಭೆಯಿಂದ ಹೊರಗಿಡುತ್ತಾರೆ. ಅದರ ಸ್ಥಾನದಲ್ಲಿ ಲ್ಯೂಟ್ ಎಂಬ ಮೀಟುವಾದ್ಯವೂ, ಕಮಾನಿನಿಂದ ನುಡಿಸುವ ವಿಯೆಲ್ ಎಂಬುದೂ, ರಾಳ ಹಚ್ಚಿದ ಮರದ ಗಾಲಿಯನ್ನು ಹಿಡಿಕೆಯಿಂದ ತಿರುವಿ ತಂತಿಗಳನ್ನು ಉಜ್ಜುವ ಗಾಲಿವಿಯೆಲ್ ಎಂಬುದೂ ಬರುತ್ತವೆ. ಫ್ರಾನ್ಸಿನ ಲ ಮಾನ್ ಪಟ್ಟಣದಲ್ಲಿ 1858ರಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ಆರ್ನಲ್ಡ್ ಡಾಲ್ಮೆಚ್ ಎಂಬವನು ಇಂತಹ ವಾದ್ಯಗಳನ್ನು ತನ್ನ ಕೈಯಿಂದಲೇ ಮತ್ತೆ ನಿರ್ಮಿಸಿ, 1925ರಲ್ಲಿ ಹ್ಯಾಸಲ್‌ಮಿಯರ್ ಎಂಬ ಊರಿನಲ್ಲಿ ಅವುಗಳ ಉತ್ಸವವನ್ನು ಆರಂಭಿಸಿದನು. ಪ್ಯಾರಿಸ್ ನಗರದಲ್ಲಿ 1901ರಲ್ಲಿಯೇ ಪ್ರಾಚೀನ ವಾದ್ಯಗಳ ಸಂಘವೊಂದು ಹುಟ್ಟಿಕೊಂಡಿತ್ತು.

ಈ ಪ್ರಯತ್ನವು ಕೇವಲ ಕೌತುಕದಿಂದ ಹುಟ್ಟಿದುದಲ್ಲ. ದಕ್ಷಿಣ ಫ್ರಾನ್ಸಿನಲ್ಲಿ 12 ಮತ್ತು 13ನೆಯ ಶತಮಾನಗಳಲ್ಲಿ ತ್ರೂಬದೂರ್ ಎಂಬ ಹೆಸರಿನ ಕವಿಗಾಯಕರು ಓಕ್ಸಿತಾನ್ ಭಾಷೆಯಲ್ಲಿ ಹಾಡುಗಳನ್ನು ಕಟ್ಟಿದರು. ಅವುಗಳಲ್ಲಿ ಸುಮಾರು 2,500 ಇಂದು ಹಸ್ತಪ್ರತಿಗಳಲ್ಲಿ ಉಪಲಬ್ಧವಾಗಿವೆ. ಆದರೆ ಸ್ವರಸಹಿತವಾಗಿ ಉಳಿದಿರುವುದು ಅವುಗಳಲ್ಲಿ ಹತ್ತನೆಯ ಒಂದು ಪಾಲು ಮಾತ್ರ. ಆ ಪಾಲಿನಲ್ಲಿಯೂ ಸ್ವರದ ಏರಿಳಿತವು ತಿಳಿಯುವುದೇ ಹೊರತು, ಯಾವ ಸ್ವರವು ಎಷ್ಟು ಹೊತ್ತು ನಿಲ್ಲಬೇಕೆಂಬುದು ಬಹುಮಟ್ಟಿಗೆ ತಿಳಿಯುವುದಿಲ್ಲ. ಪದವು ಉಳಿದು ಕಾಲಪ್ರಮಾಣವು ನಷ್ಟವಾದ ಮೇಲೆ ಪಂಡಿತರು ಮೂರು ತಲೆಮಾರುಗಳ ಕಾಲ ವಾದಿಸಿದರೂ ಆ ಲಯವು ನಿರ್ವಿವಾದವಾಗಿ ಕೈಸೇರಿಲ್ಲ.

ಕನ್ನಡದಲ್ಲಿ ಇದಕ್ಕೆ ಸದೃಶವಾದ ವಿಷಯವನ್ನು ಹುಡುಕುವವರು ಬೆಳಗಾವಿಯಿಂದ ಖಾನಾಪುರದ ದಾರಿಯನ್ನು ಹಿಡಿಯಬೇಕು. ಅಲ್ಲಿ ಐತಿಹಾಸಿಕ ಗೀತೆಯೂ ಇದೆ, ಅದರ ವಾದ್ಯವೂ ಇದೆ, ಅವೆರಡನ್ನೂ ಕೂಡಿಸಿ ಹಾಡುವವರೂ ಇದ್ದಾರೆ. ಇಲ್ಲದಿರುವುದು ಆ ಕೂಟವನ್ನು ಲಕ್ಷಿಸುವ ಪಾಂಡಿತ್ಯ ಮಾತ್ರ.

ಕಥಾವಸ್ತುವು ವಾಚಕರಿಗೆ ಪರಿಚಿತವೇ ಆಗಿರುವುದರಿಂದ ಸಂಕ್ಷೇಪವಾಗಿ ಹೇಳಿದರೆ ಸಾಕು. 1824ನೆಯ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಹತನಾದನು. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆಯು ಕಂಪನಿ ಸರಕಾರದ ವಶವಾಯಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಅನಂತರ ಆ ಸಂಸ್ಥಾನದ ಶೇತಸನದಿಗಳಲ್ಲಿ ಒಬ್ಬನಾದ ಸಂಗೊಳ್ಳಿಯ ರಾಯಣ್ಣನು, ದತ್ತುಪುತ್ರನಾದ ಶಿವಲಿಂಗಪ್ಪನ ಹೆಸರಿನಲ್ಲಿ ದಂಡು ಕೂಡಿಸಿ, 1830ರ ಆರಂಭದಲ್ಲಿ ಬೀಡಿಯ ಸರಕಾರಿ ಕಚೇರಿಯನ್ನು ಸುಟ್ಟು, ಕಾಡಿನ ಮರೆಯಲ್ಲಿ ಕೆಲವು ತಿಂಗಳು ಹೋರಾಡಿ, ತನ್ನವರ ವಂಚನೆಯಿಂದ ಸೆರೆಸಿಕ್ಕಿದನು. 1831ನೆಯ ಜನವರಿ 26ರಂದು ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಬೀಡಿಯೂ ನಂದಗಡವೂ ಇಂದಿನ ಖಾನಾಪುರ ತಾಲೂಕಿಗೆ ಸೇರಿದವು. ನಂದಗಡದ ಸಮಾಧಿಯ ಬಳಿಯ ಆಲದ ಮರಕ್ಕೆ ಜನರು ಸಂತಾನವನ್ನು ಬೇಡಿ ಸಣ್ಣ ತೊಟ್ಟಿಲುಗಳನ್ನು ಕಟ್ಟುತ್ತಾರೆ. ದಾಖಲೆಯ ರಾಯಣ್ಣನು ಆ ತೊಟ್ಟಿಲುಗಳ ರಾಯಣ್ಣನಾದುದು ಹೇಗೆಂದು ವಿಚಾರಿಸಿದರೆ, ಆ ದಾರಿಯಲ್ಲಿ ಮೊದಲು ಎದುರಾಗುವುದು ಲಾವಣಿಯೇ.

ಈ ಲಾವಣಿಯನ್ನು ಮೊದಲಿಗೆ ಗ್ರಂಥಸ್ಥಗೊಳಿಸಿದ ಕೀರ್ತಿಯು ಜಾನ್ ಫೇತ್‌ಫುಲ್ ಫ್ಲೀಟರಿಗೆ ಸಲ್ಲುತ್ತದೆ. 1885ರಿಂದ ಮೊದಲಾಗಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅವರು ಕನ್ನಡ ಲಾವಣಿಗಳ ಒಂದು ಸಂಗ್ರಹವನ್ನು ಕನ್ನಡ ಮೂಲದೊಡನೆಯೂ ಇಂಗ್ಲಿಷ್ ಅನುವಾದದೊಡನೆಯೂ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಹಲಗಲಿಯ ಬೇಡರ ಲಾವಣಿಯೂ ಅದರಲ್ಲಿ ಸೇರಿವೆ. ಇದೇ ಫ್ಲೀಟರು ಅದಕ್ಕೆ ಕೆಲವು ವರ್ಷಗಳ ಮುಂಚೆ ಅದೇ ಪತ್ರಿಕೆಯಲ್ಲಿ ಖಾನಾಪುರ ತಾಲೂಕಿನ ಹಲಸಿಯಲ್ಲಿ, ಎಂದರೆ ಪ್ರಾಚೀನ ಪಲಾಶಿಕೆಯಲ್ಲಿ, ದೊರೆತ ಆದಿಕದಂಬರ ಸಂಸ್ಕೃತ ತಾಮ್ರಪಟಗಳನ್ನು ಪ್ರಕಟಿಸಿದ್ದರೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಒಂದೇ ತಾಲೂಕಿನ ಎರಡು ಬಗೆಯ ಐತಿಹಾಸಿಕ ಸಾಧನಗಳು ಒಬ್ಬನೇ ವಿದ್ವಾಂಸನ ಕೈಯಿಂದ ಬೆಳಕಿಗೆ ಬಂದವು. ಆದರೆ ಅವುಗಳಲ್ಲಿ ಒಂದು ಭೇದವಿದೆ. ತಾಮ್ರಪಟದ ಛಾಯೆಯನ್ನು ತೆಗೆದು ಅಚ್ಚು ಹಾಕಿದರೆ ಅಕ್ಷರದ ವಟ್ಟ, ಕೊಂಬು, ಸಾಲಿನ ಬಿರುಕು ಎಲ್ಲವೂ ವಾಚಕನ ಮುಂದೆ ಬರುತ್ತವೆ. ಲಾವಣಿಯನ್ನು ಅಚ್ಚು ಹಾಕಿದರೆ ಬರುವುದು ಮಾತು ಮಾತ್ರ. ಇದು ಫ್ಲೀಟರ ದೋಷವಲ್ಲ; ದಪ್ಪಿನ ಪೆಟ್ಟನ್ನು ಹಿಡಿಯುವ ಶಕ್ತಿಯು ಅಚ್ಚಿನ ಮೊಳೆಗೆ ಇಲ್ಲ.

ಲಾವಣಿಯ ಮೇಳವು ಸಾಮಾನ್ಯವಾಗಿ ಮೂವರದು. ಮುಂದೆ ನಿಲ್ಲುವ ಮುಖ್ಯ ಗಾಯಕನ ಕೈಯಲ್ಲಿ ದಪ್ಪು. ಹಿಂದಿನ ಇಬ್ಬರಲ್ಲಿ ಒಬ್ಬನ ಕೈಯಲ್ಲಿ ತುಂತುಣಿ, ಇನ್ನೊಬ್ಬನ ಕೈಯಲ್ಲಿ ತಾಳ. ಇದೇ ಮೇಳವು ಹಾಡಿನ ಕೊನೆಗೆ ಹಿಡಿಯುವ ಗೀಗೀ ಎಂಬ ಸೊಲ್ಲಿನಿಂದ ಗೀಗೀ ಮೇಳವೆಂಬ ಹೆಸರನ್ನೂ ಪಡೆದಿದೆ. ದಪ್ಪು ಎಂದರೆ ಮರದ ಬಳೆಗೆ ಒಂದು ಮಗ್ಗುಲಲ್ಲಿ ತೊಗಲು ಬಿಗಿದ ವಾದ್ಯ. ಗಾಯಕನು ಅದನ್ನು ಎಡಗೈಯಲ್ಲಿ ಎತ್ತಿಹಿಡಿದು, ಆ ಕೈಯ ಬೆರಳುಗಳಲ್ಲಿ ಸಿಕ್ಕಿಸಿಕೊಂಡ ತೆಳ್ಳನೆಯ ಕಡ್ಡಿಯಿಂದ ಕಿರುಪೆಟ್ಟುಗಳನ್ನೂ ಬಲಗೈಯ ಬೆರಳುಗಳಿಂದ ಗುಂಭಪೆಟ್ಟುಗಳನ್ನೂ ಹಾಕುತ್ತಾನೆ. ಇದರ ಹೆಸರು ಅರಬ್ಬಿಯ ದಫ್ ಶಬ್ದಕ್ಕೆ ಬಂಧುವೆಂಬುದು ಸ್ಪಷ್ಟ. ಹೆಸರು ಪರದೇಶದ್ದಾದ ಮಾತ್ರಕ್ಕೆ ವಾದ್ಯವು ಪರಕೀಯವಾಗುವುದಿಲ್ಲ. ಕಾಗದ, ಕಲಮು ಎಂಬ ಶಬ್ದಗಳನ್ನು ಪರಕೀಯವೆಂದು ಬಿಟ್ಟರೆ ಕನ್ನಡದ ಬರವಣಿಗೆಯೇ ನಿಲ್ಲಬೇಕಾದೀತು.

ತುಂತುಣಿಯು ಇನ್ನೂ ವಿಚಿತ್ರವಾದುದು. ಒಂದು ಪೊಳ್ಳಾದ ಮರದ ಕೊಳಗ. ಅದರ ತಳಕ್ಕೆ ತೊಗಲು. ತೊಗಲಿನ ನಡುವಿನಿಂದ ಹೊರಟ ಒಂದೇ ತಂತಿಯು ಕೊಳಗದ ಪಕ್ಕಕ್ಕೆ ಹೊಂದಿಸಿದ ಕೋಲಿನ ತುದಿಯ ಬಿರಡೆಗೆ ಸುತ್ತಿರುತ್ತದೆ. ತಂತಿಯನ್ನು ಮೀಟಿದಾಗ ಅದರ ಕಂಪವು ತೊಗಲಿಗೆ ತಗುಲಿ, ತೊಗಲು ಮಾತನಾಡುತ್ತದೆ. ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕು ವಿಧವಾಗಿ ವಿಭಾಗಿಸಿದನಷ್ಟೆ. ತಂತಿಯಿರುವುದರಿಂದ ತುಂತುಣಿಯು ತತವೆನ್ನೋಣವೆಂದರೆ ಧ್ವನಿಯು ತೊಗಲಿನದು. ತೊಗಲು ಹೊದಿಸಿರುವುದರಿಂದ ಅವನದ್ಧವೆನ್ನೋಣವೆಂದರೆ ಅದನ್ನು ಯಾರೂ ಬಡಿಯುವುದಿಲ್ಲ. ಬ್ರಸೆಲ್ಸ್ ನಗರದ ಮಾಹಿಯೋನ್ ಎಂಬ ವಾದ್ಯಸಂಗ್ರಹಾಧಿಕಾರಿಯು 19ನೆಯ ಶತಮಾನದ ಕೊನೆಯಲ್ಲಿ ಭಾರತೀಯರ ಈ ನಾಲ್ಕು ವರ್ಗಗಳನ್ನೇ ಆಧಾರವಾಗಿ ಹಿಡಿದು ಜಗತ್ತಿನ ವಾದ್ಯಗಳನ್ನು ವಿಂಗಡಿಸಿದನು. 1914ರಲ್ಲಿ ಜರ್ಮನಿಯ ಹೋರ್ನ್‌ಬೋಸ್ಟೆಲ್ ಮತ್ತು ಸಾಕ್ಸ್ ಎಂಬವರು ಅದನ್ನು ವಿಸ್ತರಿಸಿದರು. ತುಂತುಣಿಯ ಜಾತಿಯ ವಾದ್ಯವು ತಂತಿಯ ವರ್ಗದ್ದೋ ತೊಗಲಿನ ವರ್ಗದ್ದೋ ಎಂಬ ವಿವಾದವು ಅವರ ಅನುಯಾಯಿಗಳನ್ನೂ ಬಿಡಲಿಲ್ಲ. ಶಾಸ್ತ್ರದ ಚೌಕಟ್ಟಿಗೆ ತುಂತುಣಿಯು ಸುಲಭವಾಗಿ ಒಗ್ಗುವುದಿಲ್ಲವೆಂಬುದು ನಿಜ. ಆದರೆ ಹಾಡುವವನಿಗೆ ಅದು ಒಂದೇ ಕಾಲಕ್ಕೆ ಶ್ರುತಿಯನ್ನೂ ಲಯವನ್ನೂ ಕೊಡುತ್ತದೆ. ಎರಡು ಕೆಲಸಕ್ಕೆ ಎರಡು ವಾದ್ಯಗಳನ್ನು ಸಾಕುವ ಶಕ್ತಿಯಿಲ್ಲದ ಬಡ ಮೇಳಕ್ಕೆ ಇದಕ್ಕಿಂತ ತಕ್ಕ ಸಾಧನವು ಇನ್ನೊಂದಿಲ್ಲ. ಫ್ರಾನ್ಸಿನ ಗಾಲಿವಿಯೆಲ್ ವಾದ್ಯದಲ್ಲಿಯೂ ಒಂದೆರಡು ತಂತಿಗಳು ಎಡೆಬಿಡದೆ ಒಂದೇ ಶ್ರುತಿಯನ್ನು ಮಿಡಿಯುತ್ತವೆ. ಹಳ್ಳಿಯ ಕುಣಿತಕ್ಕೆ ಅದೂ ಬಹುಕಾಲ ಹೀಗೆಯೇ ಒದಗಿತು.

ದಪ್ಪು ತುಂತುಣಿಗಳ ಜೋಡಿಯು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ಮರಾಠಿಯ ಪೋವಾಡಾ ಹಾಡುವ ಶಾಹೀರರೂ ಇವೇ ವಾದ್ಯಗಳನ್ನು ಹಿಡಿಯುತ್ತಾರೆ. ಎಕ್‌ವರ್ತ್ ಮತ್ತು ಶಾಲಿಗ್ರಾಮ ಎಂಬ ವಿದ್ವಾಂಸರು 1891ರಲ್ಲಿ ಪ್ರಕಟಿಸಿದ ಐತಿಹಾಸಿಕ ಪೋವಾಡಾಗಳ ಸಂಗ್ರಹವು ಫ್ಲೀಟರ ಕೆಲಸಕ್ಕೆ ಸಮೀಪದ ಬಂಧು. ಬೆಳಗಾವಿಯಂತಹ ಎರಡು ನುಡಿಗಳ ಊರಿನಲ್ಲಿ ಒಂದೇ ದಪ್ಪು ಎರಡು ಭಾಷೆಗಳ ವೀರರನ್ನು ಹೊಗಳಬಲ್ಲುದು. ಯಾವ ಭಾಷೆಯು ಯಾವುದರಿಂದ ಎರವಲು ತಂದಿತೆಂಬ ವಾದವನ್ನು ಹಿಡಿಯುವವರು, ಎರಡರ ಲಯವನ್ನೂ ಒಟ್ಟಿಗೆ ಕೂತು ಕೇಳಿ ಆಮೇಲೆ ಬಾಯಿ ತೆರೆಯುವುದು ಒಳ್ಳೆಯದು.

ಈಗ ಪ್ರಕೃತಕ್ಕೆ ಬರಬೇಕು. ಈ ವಾದ್ಯಗಳಿಗೂ ಲಾವಣಿಯ ಪಾಠಕ್ಕೂ ಇರುವ ಸಂಬಂಧವೇನು? ಲಾವಣಿಯು ಪಲ್ಲ, ನುಡಿ, ಚಾಲ, ಏರು, ಇಳುವು, ಕೂಡುಪಲ್ಲವೆಂಬ ಅಂಗಗಳಿಂದ ಕೂಡಿರುತ್ತದೆ. ಇವು ಪುಸ್ತಕದಲ್ಲಿ ಸಾಲುಗಳ ತಲೆಯ ಮೇಲೆ ಬರೆದ ಹೆಸರುಗಳಂತೆ ಕಾಣುತ್ತವೆ. ವಾಸ್ತವವಾಗಿ ಇವು ಕೈಯ ಕೆಲಸದ ಹೆಸರುಗಳು. ನುಡಿಯನ್ನು ಮುಖ್ಯ ಗಾಯಕನು ಬಹುಮಟ್ಟಿಗೆ ಮಾತಿನ ಧಾಟಿಯಲ್ಲಿ ಹೇಳುತ್ತಿರುವಾಗ ದಪ್ಪು ತಗ್ಗಿದ ಧ್ವನಿಯಲ್ಲಿ ನಡೆಯುತ್ತದೆ; ಚಾಲದಲ್ಲಿ ನಡೆಯು ಬದಲಾಗುತ್ತದೆ; ಏರಿನಲ್ಲಿ ಶಾರೀರವೂ ಪೆಟ್ಟೂ ಕೂಡಿಯೇ ಮೇಲೇಳುತ್ತವೆ; ಇಳುವಿನಲ್ಲಿ ಎರಡೂ ತಗ್ಗಿ ಕೂಡುಪಲ್ಲದಲ್ಲಿ ಹಿಮ್ಮೇಳದ ಕೈಗೆ ಸೇರುತ್ತವೆ. ಸಾಲಿನ ಕಡೆಯ ಪದವನ್ನು ಹಿಮ್ಮೇಳದವರು ಹಿಡಿದು ಎಳೆಯುತ್ತಿರುವಷ್ಟರಲ್ಲಿ ಮುಂದಿನವನು ಉಸಿರು ತೆಗೆದುಕೊಂಡು ಮುಂದಿನ ಸಾಲನ್ನು ನೆನೆಯುತ್ತಾನೆ. ಸೆರೆಸಿಕ್ಕಿದ ರಾಯಣ್ಣನನ್ನು ನಂದಗಡಕ್ಕೆ ತರುವ ಕಥಾಭಾಗದಲ್ಲಿ ಈ ಇಳುವಿನ ಉಪಯೋಗವು ಎಷ್ಟೆಂಬುದನ್ನು ಕೇಳಿದವರೇ ಬಲ್ಲರು. ಓದಿದವರಿಗೆ ಅಲ್ಲಿ ಎರಡು ಸಾಧಾರಣ ಸಾಲುಗಳು ಮಾತ್ರ ಕಾಣುತ್ತವೆ.

ಆದುದರಿಂದ ಅಚ್ಚಿನ ಪಾಠವನ್ನು ಓದುವ ಪಂಡಿತನಿಗೆ ಎರಡು ದೋಷಗಳು ಕೂಡಲೇ ಕಣ್ಣಿಗೆ ಬೀಳುತ್ತವೆ: ಒಂದು ಪುನರುಕ್ತಿ, ಇನ್ನೊಂದು ಛಂದೋಭಂಗ. ಇವೆರಡೂ ವಾದ್ಯವನ್ನು ಮರೆತುದರಿಂದ ಕಾಣುವ ದೋಷಗಳೇ ಹೊರತು ಕವಿಯ ದೋಷಗಳಲ್ಲ. ಪುನರುಕ್ತಿಯು ಹಿಮ್ಮೇಳದ ಪಾಲು. ಅದನ್ನು ಅಳಿಸಿದರೆ ಹಿಮ್ಮೇಳದ ಬಾಯನ್ನೇ ಮುಚ್ಚಿದಂತಾಗುತ್ತದೆ. ಛಂದೋಭಂಗದ ವಿಷಯವನ್ನು ಇನ್ನಷ್ಟು ವಿಸ್ತರಿಸಬೇಕು. ನಾಲ್ಕು ಮಾತ್ರೆಯ ಗಣಗಳು ನಾಲ್ಕು ಬರಬೇಕಾದ ನಡೆಯಲ್ಲಿ ಒಂದು ಸಾಲಿಗೆ ಮೂರು ಗಣಗಳೂ ಎರಡು ಮಾತ್ರೆಯ ಒಂದು ತುಂಡುಪದವೂ ಮಾತ್ರ ಇದೆಯೆಂದು ಭಾವಿಸೋಣ. ಲೇಖನಿಯನ್ನು ಹಿಡಿದು ಎಣಿಸುವವನು ಎರಡು ಮಾತ್ರೆಗಳು ಕೊರತೆಯಾದವೆನ್ನುತ್ತಾನೆ. ತಿದ್ದುವ ಹವ್ಯಾಸವುಳ್ಳವನಾದರೆ ಒಂದು ‘ತಾ’ ಎಂಬುದನ್ನು ತುಂಬುತ್ತಾನೆ. ಆದರೆ ಆ ಎರಡು ಮಾತ್ರೆಗಳು ಕಾಣೆಯಾಗಿಲ್ಲ. ಅವು ದಪ್ಪಿನ ಮೇಲೆ ಇವೆ. ಗಾಯಕನು ಪದವನ್ನು ತಟಕ್ಕನೆ ನಿಲ್ಲಿಸಿ ಉಳಿದ ಕಾಲವನ್ನು ಬೆರಳಿಗೆ ಒಪ್ಪಿಸಿರುತ್ತಾನೆ. ತಾಳಶಾಸ್ತ್ರವನ್ನು ಓದಿದವರಿಗೆ ಇದು ಹೊಸದಾಗಿ ತೋರಬಾರದು. ಸಶಬ್ದಕ್ರಿಯೆ, ನಿಃಶಬ್ದಕ್ರಿಯೆ ಎಂದು ತಾಳದ ಕ್ರಿಯೆಗಳು ಎರಡು ಬಗೆಯೆಂದೂ, ಸದ್ದಿಲ್ಲದ ಕ್ರಿಯೆಯೂ ಕಾಲವನ್ನು ಅಳೆಯುತ್ತದೆಯೆಂದೂ ಪೂರ್ವಾಚಾರ್ಯರೆಲ್ಲರೂ ಒಪ್ಪಿದ್ದಾರೆ. ಸದ್ದಿಲ್ಲದ ಕೈಗೆ ಕೊಡುವ ಮಾನ್ಯತೆಯನ್ನು ಸದ್ದುಳ್ಳ ದಪ್ಪಿಗೆ ಕೊಡದಿರುವುದು ನ್ಯಾಯವಲ್ಲ.

ಕನ್ನಡದ ಹಳೆಯ ಲಾಕ್ಷಣಿಕರು ಈ ಮರ್ಮವನ್ನು ಅರಿಯದವರಾಗಿರಲಿಲ್ಲ. 10ನೆಯ ಶತಮಾನದ ಕೊನೆಯ ಭಾಗದ ನಾಗವರ್ಮನು ‘ಛಂದೋಂಬುಧಿ’ಯಲ್ಲಿ ತ್ರಿಪದಿಯೇ ಮೊದಲಾದ ಅಚ್ಚಗನ್ನಡದ ಮಟ್ಟುಗಳನ್ನು ಬ್ರಹ್ಮ, ವಿಷ್ಣು, ರುದ್ರವೆಂಬ ಅಂಶಗಣಗಳಿಂದ ಅಳೆದನು, ಜಯಕೀರ್ತಿಯೂ ತನ್ನ ಸಂಸ್ಕೃತ ‘ಛಂದೋನುಶಾಸನ’ದಲ್ಲಿ ಕನ್ನಡದ ಜಾತಿಗಳಿಗೆ ಬೇರೆ ಸ್ಥಾನವನ್ನು ಕೊಟ್ಟನು. ಅಂಶಗಣದಲ್ಲಿ ಮಾತ್ರೆಯ ಸಂಖ್ಯೆಯು ಕಟ್ಟುನಿಟ್ಟಲ್ಲ. ಹಾಡುವಾಗ ಕುಗ್ಗುವುದೂ ಹಿಗ್ಗುವುದೂ ಅದರ ಸ್ವಭಾವ. ಎಂದರೆ ಹಾಡಿನಿಂದ ಬೇರ್ಪಡಿಸಿ ಅಳೆಯಬಾರದ ಪದ್ಯವೂ ಇದೆಯೆಂಬುದನ್ನು ಅವರು ಒಪ್ಪಿದಂತಾಯಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಇನ್ನೂ ಮುಂದೆ ಹೋಗಿ, ಕಥೆಗೆ ಷಟ್ಪದಿ, ಮದುವೆಗೆ ಧವಳ, ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಎಂದು ಹಾಡನ್ನು ಕೆಲಸಕ್ಕೆ ಗಂಟುಹಾಕಿ ಹೇಳಿದ್ದಾನೆ. ಕುಟ್ಟುವವರ ಒನಕೆಯೇ ಓವಿಗೆ ಲಯ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದಾಗ ಕನ್ನಡದ ವಿದ್ವಾಂಸರು ತ್ರಿಪದಿಯ ಸೊಬಗನ್ನು ಕೊಂಡಾಡಿದರು; ಆ ತ್ರಿಪದಿಗೆ ಬೀಸುವ ಕಲ್ಲೇ ಹಿಮ್ಮೇಳವೆಂಬುದನ್ನು ಕೊಂಡಾಡಿದವರು ವಿರಳ.

ಇಲ್ಲಿ ಒಂದು ಶಂಕೆಯು ಹುಟ್ಟಬಹುದು. ನೃತ್ತವು ವಾದ್ಯವನ್ನು ಅನುಸರಿಸುತ್ತದೆ, ವಾದ್ಯವು ಗೀತವನ್ನು ಅನುಸರಿಸುತ್ತದೆ, ಆದುದರಿಂದ ಗೀತವೇ ಪ್ರಧಾನವೆಂದು ಶಾರ್ಙ್ಗದೇವನು ‘ಸಂಗೀತರತ್ನಾಕರ’ದ ಆರಂಭದಲ್ಲಿಯೇ ಹೇಳಿರುವನಲ್ಲ; ಹಾಗಿರಲು ವಾದ್ಯವು ಗೀತದ ರೂಪವನ್ನು ನಿರ್ಣಯಿಸುತ್ತದೆಯೆನ್ನುವುದು ವಿಪರೀತವಲ್ಲವೆ? ಇದಕ್ಕೆ ಸಮಾಧಾನವನ್ನು ಅದೇ ಗ್ರಂಥದಲ್ಲಿ ಕಾಣಬಹುದು. ಜನರ ಹೃದಯವನ್ನು ಆಯಾ ದೇಶದಲ್ಲಿ ರಂಜಿಸುವುದು ದೇಶಿಯೆಂದು ಹೇಳಿದ ಆಚಾರ್ಯನು, ದೇಶಿಗೆ ಮಾರ್ಗದ ಕಟ್ಟನ್ನು ವಿಧಿಸಲಿಲ್ಲ. ಅವನು ಆಶ್ರಯಿಸಿದ ದೇವಗಿರಿಯ ಸಿಂಘಣನ ಕಾಲದಲ್ಲಿಯೇ ರಟ್ಟರ ವೇಣುಗ್ರಾಮವೂ, ಎಂದರೆ ಇಂದಿನ ಬೆಳಗಾವಿಯೂ, ಆ ರಾಜ್ಯಕ್ಕೆ ಸೇರಿತು. ಈ ಪ್ರಾಂತದ ದೇಶಿಯು ಅವನಿಗೆ ದೂರದ ವಾರ್ತೆಯಾಗಿರಲಾರದು. ಅಲ್ಲದೆ ಅನುಸರಿಸುವುದು ಎಂದರೆ ಹಿಂದೆ ಬರುವುದೆಂದು ಮಾತ್ರ ಅರ್ಥವಲ್ಲ. ಜೊತೆಗಾರನ ನಡಿಗೆಯನ್ನು ಬಲ್ಲವನು ತನ್ನ ಹೆಜ್ಜೆಯನ್ನೂ ಅದಕ್ಕೆ ತಕ್ಕಂತೆ ಇಡುತ್ತಾನೆ. ಲಾವಣಿಕಾರನಲ್ಲಿ ಕವಿಯೂ ಗಾಯಕನೂ ವಾದಕನೂ ಒಬ್ಬನೇ ಆಗಿರುವಾಗ ಯಾರು ಯಾರನ್ನು ಅನುಸರಿಸಿದರೆಂದು ಕೇಳುವುದು ಬಲಗಾಲು ಎಡಗಾಲನ್ನು ಅನುಸರಿಸಿತೋ ಎಂದು ಕೇಳಿದಂತೆ.

ಒಂದೇ ಕಥೆಯು ವಾದ್ಯ ಬದಲಾದಾಗ ಹೇಗೆ ಬೇರೆ ಕಾವ್ಯವಾಗುತ್ತದೆಂಬುದಕ್ಕೆ ಡೊಳ್ಳಿನ ಪದವು ಸಾಕ್ಷಿ. ರಾಯಣ್ಣನು ಹಾಲುಮತದವನಾದುದರಿಂದ ಅವನ ಕಥೆಯನ್ನು ಡೊಳ್ಳಿನ ಮೇಳಗಳೂ ಹಾಡುತ್ತವೆ. ಡೊಳ್ಳು ಬಯಲಿನ ವಾದ್ಯ. ಒಂದು ಮಗ್ಗುಲಿಗೆ ಕೋಲು, ಇನ್ನೊಂದಕ್ಕೆ ಅಂಗೈ. ಅದರ ಧ್ವನಿಯ ಮುಂದೆ ಕಿರಿದಾದ ಮಾತು ನಿಲ್ಲದು. ಬಾರಿಸುವಾಗ ಹಾಡು ನಿಲ್ಲಬೇಕು, ಹಾಡುವಾಗ ಬಾರಿಸುವುದು ತಗ್ಗಬೇಕು. ದಪ್ಪು ಹಾಗಲ್ಲ; ಗಾಯಕನ ಮುಖದ ಮಟ್ಟದಲ್ಲಿಯೇ ಇದ್ದು ಅವನ ಪಿಸುಮಾತಿಗೂ ಎಡೆ ಕೊಡುತ್ತದೆ. ವಂಚಕರು ಗುಟ್ಟಾಗಿ ಮಾತನಾಡುವ ಸನ್ನಿವೇಶವನ್ನು ಲಾವಣಿಯು ಸಂವಾದರೂಪದಲ್ಲಿ ಬೆಳೆಸಬಲ್ಲುದಾದುದು ಈ ಕಾರಣದಿಂದ.

ಯುದ್ಧದ ವರ್ಣನೆಯಲ್ಲಿ ಲಾವಣಿಕಾರರು ಅನುಕರಣಶಬ್ದಗಳನ್ನು ಹೇರಳವಾಗಿ ಬಳಸುವುದನ್ನು ಕೆಲವರು ಗ್ರಾಮ್ಯವೆಂದು ಹಳಿಯುತ್ತಾರೆ. 1515ರಲ್ಲಿ ಫ್ರಾನ್ಸಿನ ಮೊದಲನೆಯ ಫ್ರಾಂಸ್ವಾ ದೊರೆಯು ಮಾರಿಞಾನೋ ಎಂಬಲ್ಲಿ ಗೆದ್ದ ಯುದ್ಧವನ್ನು ಕುರಿತು ಕ್ಲೆಮಾಂ ಜಾನೆಕ್ಯಾಂ ಎಂಬ ವಾಗ್ಗೇಯಕಾರನು ನಾಲ್ಕು ಕಂಠಗಳಿಗೆ ಕಟ್ಟಿದ ಹಾಡು 1528ರಲ್ಲಿ ಪ್ಯಾರಿಸಿನಲ್ಲಿ ಅಚ್ಚಾಯಿತು. ಅದರಲ್ಲಿ ಭೇರಿ ಕಹಳೆಗಳ ಸದ್ದನ್ನು ಅರ್ಥವಿಲ್ಲದ ಅಕ್ಷರಗಳಿಂದ ಕಂಠವೇ ನುಡಿಯುತ್ತದೆ. ಐತಿಹಾಸಿಕ ಗೀತೆಗಳ ಗೋಷ್ಠಿಗಳಲ್ಲಿ ಅದು ಇಂದಿಗೂ ಆದರಣೀಯವಾಗಿದೆ. ಅಲ್ಲಿ ರಸವೆನಿಸಿದುದು ಬೀಡಿಯ ಬಯಲಿನಲ್ಲಿ ಗ್ರಾಮ್ಯವಾಗಬೇಕಾದ ಕಾರಣವಿಲ್ಲ.

ಫ್ರಾನ್ಸಿನ ಇನ್ನೊಂದು ಹಾಡು ರಾಯಣ್ಣನ ಲಾವಣಿಗೆ ಇನ್ನೂ ಸಮೀಪವಾದುದು. ಲೂಯಿ ಮಾಂದ್ರ್ಯಾಂ ಎಂಬವನು ತೆರಿಗೆಯ ಗುತ್ತಿಗೆದಾರರ ವಿರುದ್ಧ ಕಳ್ಳಸಾಗಣೆಯ ದಂಡನ್ನು ಕಟ್ಟಿ ಜನಪ್ರಿಯನಾಗಿದ್ದನು. ಫ್ರೆಂಚ್ ಸೈನಿಕರು ನೆರೆಯ ಸವಾಯ್ ರಾಜ್ಯದ ಗಡಿಯೊಳಗೆ ನುಗ್ಗಿ ಅವನನ್ನು ಹಿಡಿದು ತಂದರು. 1755ನೆಯ ಮೇ 26ರಂದು ವಲಾಂಸ್ ಪಟ್ಟಣದಲ್ಲಿ ಅವನ ವಧೆಯಾಯಿತು. ಅವನ ಹೆಸರಿನ ಶೋಕಗೀತೆಯಲ್ಲಿ ಅವನೇ ಗಲ್ಲಿನಿಂದ ತನ್ನ ಕಥೆಯನ್ನು ಹೇಳಿಕೊಳ್ಳುತ್ತಾನೆ. ಆದರೆ ನಿಜವಾಗಿ ಅವನನ್ನು ನೇಣು ಹಾಕಲಿಲ್ಲ. ಚಕ್ರಕ್ಕೆ ಕಟ್ಟಿ ಮೂಳೆ ಮುರಿದರು. ಐತಿಹಾಸಿಕ ಗೀತೆಯೆಂಬ ಹೆಸರನ್ನು ನಂಬಿ ಅದರಿಂದ ಇತಿಹಾಸವನ್ನು ಬರೆಯಹೊರಡುವವರು ಇದನ್ನು ನೆನಪಿನಲ್ಲಿಡಬೇಕು. ರಾಯಣ್ಣನ ಲಾವಣಿಯಿಂದಲೂ ತಿಥಿಗಳನ್ನು ಸಂಪಾದಿಸುವ ಆಸೆ ಬೇಡ; ಅದಕ್ಕೆ ಸರಕಾರದ ದಫ್ತರಗಳಿವೆ. ಅದರಿಂದ ತಿಳಿಯಬೇಕಾದುದು ನಂದಗಡದ ಸುದ್ದಿಯು ಸಂತೆಯಿಂದ ಸಂತೆಗೆ, ಜಾತ್ರೆಯಿಂದ ಜಾತ್ರೆಗೆ ಯಾವ ದನಿಯಲ್ಲಿ ಹೋಯಿತೆಂಬುದು.

ಸುದ್ದಿ ಹರಡುವ ಈ ಕೆಲಸದಲ್ಲಿ ಹೊಸ ರಾಗವನ್ನು ಕಟ್ಟುವ ವ್ಯವಧಾನವಿರುವುದಿಲ್ಲ. ಜನರು ಬಲ್ಲ ಮಟ್ಟಿಗೆ ಹೊಸ ಮಾತನ್ನು ಹೂಡಬೇಕು. ಫ್ರಾನ್ಸಿನ ಹಾಡುಗಾರರು ಹಾಳೆಯ ತಲೆಯ ಮೇಲೆ ಇಂಥ ಹಾಡಿನ ಧಾಟಿಯೆಂದು ಅಚ್ಚು ಹಾಕಿಸುತ್ತಿದ್ದರು. ಆ ಧಾಟಿಗಳನ್ನೇ ಕ್ರೋಡೀಕರಿಸಿ ಸ್ವರಸಹಿತವಾಗಿ ಕೊಡುವ ‘ಲ ಕ್ಲೇ ದ್ಯು ಕಾವೋ’ ಎಂಬ ಗ್ರಂಥವು 1811ರಲ್ಲಿ ಪ್ಯಾರಿಸಿನಿಂದ ಹೊರಟಿತ್ತು. ಕನ್ನಡದ ಲಾವಣಿ ಪುಸ್ತಕಗಳಲ್ಲಿಯೂ ನಾಟಕದ ಹಾಡುಗಳಲ್ಲಿಯೂ ‘ಮಟ್ಟು’ ಎಂದು ಬರೆದು ಮತ್ತೊಂದು ಹಾಡಿನ ಮೊದಲ ಪದಗಳನ್ನು ಕೊಡುವ ಪದ್ಧತಿಯು ಇದಕ್ಕೆ ಸಮಾನವಾದುದು. ಆದರೆ ಆ ಮಟ್ಟುಗಳನ್ನೆಲ್ಲ ಒಂದೆಡೆ ಸೇರಿಸಿದ ಕೋಶದ ಅಭಾವವು ಕನ್ನಡದಲ್ಲಿ ದೊಡ್ಡದು. ಮೂಲದ ಹಾಡು ಮರೆತುಹೋದರೆ ಅದರ ಮಟ್ಟಿಗೆ ಕಟ್ಟಿದ ಹತ್ತು ಹಾಡುಗಳೂ ಮೂಕವಾಗುತ್ತವೆ.

ಇನ್ನು ಉಳಿದುದು ಹಾರ್ಮೋನಿಯಮ್ಮಿನ ವಿಚಾರ. ಬೆಳಗಾವಿಯ ಕಡೆಯ ಜನರು ಪೇಟಿಯೆಂದು ಕರೆಯುವ ಈ ವಾದ್ಯವು ಫ್ರಾನ್ಸಿನಿಂದಲೇ ಬಂದುದು. ಪ್ಯಾರಿಸಿನ ಅಲೆಕ್ಸಾಂದ್ರ್ ದೆಬೆನ್ ಎಂಬವನು 1840ರ ಸುಮಾರಿಗೆ ಅದನ್ನು ನಿರ್ಮಿಸಿ ಆ ಹೆಸರಿಟ್ಟನು. ಕಲಕತ್ತೆಯ ದ್ವಾರಕಾನಾಥ ಘೋಷ್ ಎಂಬವರು 1875ರ ಸುಮಾರಿಗೆ ಅದನ್ನು ಕುಳಿತು ಕೈಯಿಂದ ಗಾಳಿಯೊತ್ತಿ ನುಡಿಸುವಂತೆ ಮಾರ್ಪಡಿಸಿದರು. ಸಂಗೀತನಾಟಕಗಳ ಮೂಲಕ ಅದು ಈ ಪ್ರಾಂತದಲ್ಲಿ ಹಬ್ಬಿತು. ಮರಾಠಿ ಸಂಗೀತನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1940ರಿಂದ 1971ರ ವರೆಗೆ ಆಕಾಶವಾಣಿಯು ಹಾರ್ಮೋನಿಯಮ್ಮಿಗೆ ಬಾಗಿಲು ಮುಚ್ಚಿದ್ದರೂ ಬೆಳಗಾವಿಯು ಅದನ್ನು ಕೈಬಿಡಲಿಲ್ಲ. ಆ ನಗರದಲ್ಲಿ ನೆಲಸಿ ಹಲವು ದಶಕಗಳ ಕಾಲ ಶಿಷ್ಯರಿಗೆ ಪಾಠ ಹೇಳಿದ ಪಂಡಿತ ರಾಮಭಾವು ಬಿಜಾಪುರೆಯವರು (1917–2010) ಅದನ್ನು ನುಡಿಸಿದ ರೀತಿಯನ್ನು ಬಲ್ಲವರು ಆ ವಾದ್ಯವನ್ನು ಲಘುವಾಗಿ ಕಾಣಲಾರರು.

ಆಕ್ಷೇಪವು ವಾದ್ಯದ ಮೇಲಲ್ಲ, ಸ್ಥಾನದ ಮೇಲೆ. ರಾಯಣ್ಣನು ಗಲ್ಲಿಗೇರಿದ 1831ರಲ್ಲಿ ಹಾರ್ಮೋನಿಯಮ್ಮೆಂಬ ಹೆಸರಿನ ವಾದ್ಯವು ಪ್ಯಾರಿಸಿನಲ್ಲಿಯೂ ಇರಲಿಲ್ಲ. ಆ ಸುದ್ದಿಯನ್ನು ಮೊದಲು ಹಾಡಿದವರ ಕಿವಿಯಲ್ಲಿ ಅದರ ಸ್ವರವು ಇದ್ದಿರಲು ಸಾಧ್ಯವೇ ಇಲ್ಲ. ಇಂದು ವೇದಿಕೆಯ ಮೇಲೆ ಅದೇ ಲಾವಣಿಗೆ ಪೇಟಿಯನ್ನು ಕೂಡಿಸಿದಾಗ ಮೊದಲು ತುಂತುಣಿಯು ಅನಾವಶ್ಯಕವಾಗುತ್ತದೆ, ಏಕೆಂದರೆ ಶ್ರುತಿಯ ಕೆಲಸವು ಪೇಟಿಗೆ ಹೋಯಿತು. ತುಂತುಣಿ ಹೋದೊಡನೆ ಅದರ ಮೀಟಿನಲ್ಲಿದ್ದ ಲಯವೂ ಹೋಗುತ್ತದೆ. ಬಳಿಕ, ಸಾಲಿನ ಕೊನೆಯ ಆ ಎರಡು ಮಾತ್ರೆಗಳ ಎಡೆಯನ್ನು ಪೇಟಿಯ ಸ್ವರವು ತುಂಬಿಬಿಡುತ್ತದೆ. ದಪ್ಪಿನ ಉತ್ತರವು ಕೇಳಿಸದು. ಎಡೆಯಿಲ್ಲದ ಸಾಲನ್ನು ಕೇಳಿ ಕಲಿತ ಮುಂದಿನ ಗಾಯಕನು ಎಡೆಯಿಲ್ಲದ ಸಾಲನ್ನೇ ಕಟ್ಟುತ್ತಾನೆ. ಹೀಗೆ ಸಂಪಾದಕನು ಲೇಖನಿಯಿಂದ ತುಂಬಿದ ಕೊರತೆಯನ್ನು ಇಲ್ಲಿ ಗಾಳಿಯ ಪೆಟ್ಟಿಗೆಯು ತುಂಬುತ್ತದೆ. ಸಾಹಿತ್ಯದ ಅಧ್ಯಾಪಕನು ತರಗತಿಯಲ್ಲಿ ಲಾವಣಿಯನ್ನು ಓದಿಸುವಾಗ ಮೇಜಿನ ಮೇಲೆ ಬೆರಳಿನಿಂದಾದರೂ ಆ ಎಡೆಯನ್ನು ಬಡಿದು ತೋರಿಸಿದರೆ, ವಿದ್ಯಾರ್ಥಿಯು ಛಂದೋಭಂಗದ ಮಾತನ್ನು ಎತ್ತಲಾರನು. ಲಾವಣಿಯನ್ನು ಬರೆದುಕೊಳ್ಳುವವನು ಹಿಮ್ಮೇಳವು ಯಾವ ಅಕ್ಷರದ ಮೇಲೆ ಸೇರಿತು, ದಪ್ಪು ಎಲ್ಲಿ ಒಂಟಿಯಾಗಿ ನಡೆಯಿತು ಎಂಬ ಎರಡು ಗುರುತುಗಳನ್ನು ಸಾಲಿನ ಮೇಲೆ ಹಾಕಿಕೊಂಡರೂ ಮುಂದಿನವರಿಗೆ ಬಹಳ ದೊರೆಯುತ್ತದೆ.

ಖಾನಾಪುರದ ಸೀಮೆಯು ಮಲೆನಾಡಿನದು. ಮಲಪ್ರಭೆಯು ಹುಟ್ಟುವ ಕಣಕುಂಬಿಯೂ ಈ ತಾಲೂಕಿನದೇ. ಮಳೆಗಾಲದಲ್ಲಿ ಇಲ್ಲಿಯ ತೇವಕ್ಕೆ ತೊಗಲು ಸಡಿಲಿ ದಪ್ಪಿನ ಧ್ವನಿಯು ಇಳಿಯುತ್ತದೆ. ಮೇಳದವರು ಹುಲ್ಲನ್ನೋ ಕಾಗದವನ್ನೋ ಹೊತ್ತಿಸಿ ಅದರ ಕಾವಿಗೆ ದಪ್ಪನ್ನು ಹಿಡಿದು ಬಿಗಿಮಾಡಿಕೊಂಡು ಹಾಡನ್ನು ಮೊದಲಿಡುತ್ತಾರೆ. ಕಥೆಯು ಸಾಗಿದಂತೆ ಕಾವು ಆರಿ ತೊಗಲು ಮತ್ತೆ ಇಳಿಯತೊಡಗುತ್ತದೆ. ಆಗ ತುಂತುಣಿಯವನು ಹಾಡಿನ ನಡುವೆಯೇ ಬಿರಡೆಯನ್ನು ಕೊಂಚ ತಿರುವಿ ತಂತಿಯನ್ನು ಇಳಿಸುತ್ತಾನೆ. ಗಾಯಕನೂ ಅದರೊಡನೆ ಇಳಿಯುತ್ತಾನೆ. ಹಾರ್ಮೋನಿಯಮ್ಮಿನ ಸ್ವರಕ್ಕೆ ಬಿರಡೆಯಿಲ್ಲ.